ಬ್ಯಾಂಕಾಕಿನಲ್ಲಿ ಬಿಟ್ಟು ಬಂದ ಟವೆಲ್ಲು

ಬ್ಯಾಂಕಾಕಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ನಮ್ಮ ವ್ಯಾನು ನಿಂತಾಗ ಬೆಳಗಿನ ಏಳೂವರೆ. ವಿಮಾನ ಇದ್ದದ್ದು ಹನ್ನೊಂದಕ್ಕೆ. ಅಷ್ಟು ಹೊತ್ತಿಗೇ ಸೆಕೆ ಶುರುವಾಗಿತ್ತು. ನಮ್ಮ ಕಡೆಯ ಒಣ ಸೆಕೆಯಲ್ಲ, ಮೈಗೆ ಅಂಟಿಕೊಳ್ಳುವ ಸೆಕೆ. ಅತ್ತೆ ಕೆಳಗಿಳಿದು ಸೀರೆಯ ನೆರಿಗೆ ಸರಿಮಾಡಿಕೊಂಡು, ಆ ಗಾಜಿನ ಕಟ್ಟಡವನ್ನು ಈ ತುದಿಯಿಂದ ಆ ತುದಿಯವರೆಗೂ ನೋಡಿ, ನಮ್ಮ ಬಸ್ಸು ಯಾವ ಕಡೆ ನಿಲ್ಲುತ್ತದೆ ಎಂದು ಕೇಳಿದರು. ವಿಮಾನಕ್ಕೆ ಅವರು ಮೊದಲ ದಿನದಿಂದಲೂ ಬಸ್ಸು ಎಂದೇ ಅನ್ನುತ್ತಿದ್ದರು. ತಿದ್ದುವುದನ್ನು ನಾನು ಎರಡನೆಯ ದಿನಕ್ಕೇ ಬಿಟ್ಟಿದ್ದೆ.

ಈ ಪ್ರವಾಸ ನಮ್ಮ ಪಾಲಿಗೆ ಬಂದದ್ದು ಹೀಗೆ. ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಪ್ಯಾಂಟು ಹೊಲಿಯುವ ಸಣ್ಣ ಯೂನಿಟ್ಟು. ನಮಗೆ ದಾರ, ಜಿಪ್ಪು ಕೊಡುವ ಡೀಲರು ವರ್ಷಕ್ಕೊಮ್ಮೆ ತನ್ನ ಗಿರಾಕಿಗಳನ್ನು ಎಲ್ಲಿಗಾದರೂ ಸುತ್ತಾಡಿಸಿಕೊಂಡು ಬರುತ್ತಾನೆ. ಈ ಸಲ ಥಾಯ್ಲೆಂಡ್, ಮನೆಗೆ ಎರಡು ಟಿಕೆಟ್ಟು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಕ್ಕೆ ಗಂಡನ ಪಕ್ಕದಲ್ಲಿ ನಿಂತು ಸಮುದ್ರ ನೋಡುತ್ತೇನೆ ಎಂದು ನಾನು ಎರಡು ಹೊಸ ಚೂಡಿದಾರ ಬೇರೆ ಹೊಲಿಸಿಕೊಂಡಿದ್ದೆ. ಟಿಕೆಟ್ಟು ಮಾಡಿಸುವ ಹೊತ್ತಿಗೆ ಸರಿಯಾಗಿ ಯೂನಿಟ್ಟಿಗೆ ದೊಡ್ಡ ಆರ್ಡರು ಬಂತು. ನನ್ನ ಗಂಡ ಒಂದು ಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟರು: "ಅವ್ವನ್ನ ಕರ್ಕೊಂಡು ಹೋಗು." ಲೋಕವೆಲ್ಲ ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗುವ ಊರಿಗೆ ನಾನು ಎಪ್ಪತ್ತರ ಅತ್ತೆಯನ್ನೂ ಒಂದು ಡಬ್ಬಿ ಶೇಂಗಾ ಚಟ್ನಿಪುಡಿಯನ್ನೂ ಕರೆದುಕೊಂಡು ಹೋದೆ.

ನಮ್ಮಿಬ್ಬರಿಗೆ ಜಗಳವಿಲ್ಲ, ಆದರೆ ಅತ್ತೆ ಅತ್ತೆಯೇ. ಹೋದಲ್ಲೆಲ್ಲ, ಭಾಷೆ ಬಾರದ ಹೋಟೆಲಿನ ಹುಡುಗಿಗೂ ಸಹ, ಬೆರಳು ತೋರಿಸಿ "ಈಕಿ ನಮ್ ಸೊಸಿ" ಎಂದು ಹೇಳುತ್ತಿದ್ದರು. ಮಗಳು ಅಂದರೆ ಬಳ್ಳಾರಿಯಲ್ಲಿರುವ ನನ್ನ ನಾದಿನಿ ಒಬ್ಬಳೇ. ದೋಣಿ ಹತ್ತುವಾಗ, ಅನ್ನ ಬೇಯದೆ ಇದ್ದಾಗ, ಬಿಸಿನೀರು ಬಾರದಿದ್ದಾಗ, "ನನ್ ಮಗಳು ಇದ್ದಿದ್ರ" ಎಂದು ಶುರು ಮಾಡಿ ಮುಂದಿನದನ್ನು ನನಗೇ ಬಿಡುತ್ತಿದ್ದರು.

ನಿಲ್ದಾಣದೊಳಗೆ ಹೋದ ಮೇಲೆ ನನಗೆ ದಿಕ್ಕೇ ತಿಳಿಯಲಿಲ್ಲ. ಒಂದು ಸಾಲಿನಲ್ಲಿ ನಿಂತರೆ ಇದಲ್ಲ ಎಂದು ಇನ್ನೊಂದು ಸಾಲಿಗೆ ಕಳಿಸುತ್ತಿದ್ದರು. ನಮ್ಮ ಗುಂಪಿನ ಹತ್ತು ಹನ್ನೆರಡು ಜನ ಮುಂದೆ ಹೋಗುತ್ತಿದ್ದರು, ನಾವು ಅವರ ಬೆನ್ನು ಹಿಡಿದು ಹೋಗುತ್ತಿದ್ದೆವು. ತಪಾಸಣೆಯಲ್ಲಿ ಚಪ್ಪಲಿ ಬಿಡಲು ಹೇಳಿದಾಗ ಮಾತ್ರ ಅತ್ತೆಗೆ ಸಮಾಧಾನವಾಯಿತು, ದೇವಸ್ಥಾನದ ಪದ್ಧತಿ ಇಲ್ಲೂ ಇದೆಯಲ್ಲ ಎಂದು. ಅಲ್ಲಿದ್ದ ಹೆಂಗಸು ಚಟ್ನಿಪುಡಿಯ ಡಬ್ಬಿ ತೆಗೆದು ಮೂಸಿ ನೋಡಿದಳು. ಅತ್ತೆ ಚೂರು ಹಾಕಿಕೋ ಎಂದು ಕೈಸನ್ನೆ ಮಾಡಿದರು. ಆಕೆ ನಕ್ಕು ಮುಚ್ಚಿ ಕೊಟ್ಟಳು. ಪಾಸ್‌ಪೋರ್ಟು, ವಿಮಾನದ ಚೀಟಿ ಇಬ್ಬರದ್ದೂ ನನ್ನ ಕೈಚೀಲದಲ್ಲೇ ಇದ್ದವು. ಅತ್ತೆಯ ಕೈಗೆ ಕೊಟ್ಟರೆ ಎಲೆಅಡಿಕೆಯ ಸಂಚಿಗೆ ತುರುಕಿಬಿಡುತ್ತಾರೆ ಎಂಬ ಭಯ ನನಗೆ.

ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಆಚೆ ಬಂದರೆ, ಸೆಂಟಿನ ಅಂಗಡಿ ಬ್ರಾಂದಿ ಅಂಗಡಿಗಳ ನಡುವೆ ಸಮುದ್ರ ಮಥನ! ಬಣ್ಣ ಬಳಿದ ದೊಡ್ಡ ದೊಡ್ಡ ಮೂರ್ತಿಗಳು, ಮನೆಯಷ್ಟು ಉದ್ದದ ಹಾವನ್ನು ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ರಾಕ್ಷಸರು ಹಿಡಿದು ಎಳೆಯುತ್ತಿದ್ದಾರೆ. ಕೆಳಗೆ ಆಮೆ, ಬೆಟ್ಟದ ಮೇಲೆ ಸಾಕ್ಷಾತ್ ವಿಷ್ಣು. ಅತ್ತೆ ಅಲ್ಲೇ ನಿಂತುಬಿಟ್ಟರು. ನಾಲ್ಕು ದಿನದಲ್ಲಿ ಅವರಿಗೆ ಗುರುತು ಸಿಕ್ಕ ಮೊದಲ ಮುಖ ಅದು. ಕೈಮುಗಿದು ಮೂರು ಸುತ್ತು ಹಾಕಿದರು. ಪೆಟ್ಟಿಗೆ ಎಳೆದುಕೊಂಡು ಓಡುತ್ತಿದ್ದ ಬಿಳಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಮ್ಮ ಗೇಟು ಅಲ್ಲಿಂದ ಬಹಳ ದೂರವಿರಲಿಲ್ಲ. ವಿಮಾನಕ್ಕೆ ಇನ್ನೂ ಎರಡು ಗಂಟೆ ಇತ್ತು, ನೂರಾರು ಕುರ್ಚಿಗಳು ಖಾಲಿ ಬಿದ್ದಿದ್ದವು. ಆದರೂ ಅತ್ತೆ ಬಾಗಿಲಿಗೆ ಹತ್ತಿರದ ಎರಡು ಕುರ್ಚಿ ನೋಡಿ, ಚೀಲದಿಂದ ನನ್ನ ಗಂಡನ ಕೆಂಪಂಚಿನ ಟವೆಲ್ಲು ತೆಗೆದು ಹಾಸಿಬಿಟ್ಟರು. ನಮ್ಮಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವುದು ವಾಡಿಕೆ. ಒಮ್ಮೆ ಬಿತ್ತೆಂದರೆ ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಇಲ್ಲಿ ಅದೆಲ್ಲ ಬೇಡ ಎಂದೆ, ಕೇಳಲಿಲ್ಲ. ಸರಿ, ನೀರು ತರುತ್ತೇನೆ, ಉಳಿದ ಚಿಲ್ಲರೆಗೆ ಮನೆಯವರಿಗೆ ಏನಾದರೂ ಕೊಳ್ಳುತ್ತೇನೆ ಎಂದು ಹೊರಟೆ.

"ಅತ್ತೀ, ನಾ ಬರೂತನಕ ಇಲ್ಲಿಂದ ಏಳಬ್ಯಾಡ್ರಿ," ಎಂದು ಹೇಳಿಯೇ ಹೋದೆ.

ನೀರಿನ ಬಾಟಲಿ ನಮ್ಮ ದುಡ್ಡಿನಲ್ಲಿ ನೂರು ದಾಟಿತು. ಒಣಗಿಸಿದ ಮಾವಿನ ಹೋಳಿನ ಒಂದು ಪೊಟ್ಟಣ ಕೊಂಡೆ. ಅಷ್ಟರಲ್ಲಿ ಬಂದ ದಾರಿ ಮರೆತಿತ್ತು. ಆ ಕಡೆ ಈ ಕಡೆ ಒಂದೇ ಥರದ ಅಂಗಡಿಗಳು, ಒಂದೇ ಥರದ ದೀಪ. ನೆಲವೇ ಓಡುವ ಪಟ್ಟಿಯ ಮೇಲೆ ನಿಂತೆ, ಅದು ಹಿಂದಕ್ಕೆ ಕರೆದುಕೊಂಡು ಹೋಯಿತೋ ಮುಂದಕ್ಕೋ ದೇವರೇ ಬಲ್ಲ. ದೊಡ್ಡ ಬೋರ್ಡಿನಲ್ಲಿ ಬೆಂಗಳೂರು ಎಂದು ಹುಡುಕಿದರೆ ಅದರ ಮುಂದೆ ಬೇರೆಯೇ ಗೇಟಿನ ನಂಬರು. ನನ್ನ ಚೀಟಿ ನೋಡಿದೆ, ಬೋರ್ಡು ನೋಡಿದೆ. ಬೆಂಗಳೂರಿಗೆ ಎರಡು ವಿಮಾನ ಇರಬೇಕು, ಇದು ನಮ್ಮದಲ್ಲ ಎಂದುಕೊಂಡೆ. ಅನುಮಾನ ಹೋಗದೆ ಸಮವಸ್ತ್ರದ ಒಬ್ಬನಿಗೆ ಚೀಟಿ ತೋರಿಸಿದಾಗ ಆತ ಗಡಿಯಾರ ತೋರಿಸಿದ, ಕೆಳಗೆ ಇಳಿಯುವ ಮೆಟ್ಟಿಲು ತೋರಿಸಿದ, "ಟ್ರೇನ್, ಟ್ರೇನ್" ಎಂದ. ವಿಮಾನಕ್ಕೆ ಹೋಗುವವಳಿಗೆ ರೈಲು ಯಾಕೆ? ಗೇಟು ಬದಲಾಗಿದೆ, ಹೊಸ ಗೇಟಿಗೆ ನೆಲದೊಳಗಿನ ರೈಲಿನಲ್ಲಿ ಹೋಗಬೇಕು ಎಂದು ತಿಳಿಯುವ ಹೊತ್ತಿಗೆ ನನ್ನ ಬೆನ್ನು ಬೆವರಿತ್ತು. ಅತ್ತೆಯನ್ನು ಕರೆದು ತರಬೇಕಲ್ಲ!

ಓಡಿದೆ. ನಮ್ಮ ಗೇಟು ಎಂದು ಹೋಗಿ ನಿಂತರೆ ಅಲ್ಲಿ ಯಾರೋ ಚೀನಾದವರು ಊಟ ಮಾಡುತ್ತಿದ್ದರು. ಅದೇ ಬೂದು ಕುರ್ಚಿಗಳು, ಅದೇ ಗಾಜು. ಇನ್ನೊಂದಕ್ಕೆ ಹೋದೆ, ಅದೂ ಅಲ್ಲ. ಮೂರನೆಯದರಲ್ಲಿ ದೂರದಿಂದಲೇ ಕೆಂಪಂಚು ಕಂಡಿತು. ಜೀವ ಬಂದಂತಾಗಿ ಹತ್ತಿರ ಹೋದರೆ ಟವೆಲ್ಲು ಮಾತ್ರ ಇತ್ತು. ಅತ್ತೆ ಇಲ್ಲ, ಅವರ ಚೀಲ ಇಲ್ಲ, ನಮ್ಮ ಗುಂಪಿನವರು ಒಬ್ಬರೂ ಇಲ್ಲ.

ಅವರ ಪಾಸ್‌ಪೋರ್ಟು ನನ್ನ ಹೆಗಲಲ್ಲಿದೆ. ಕನ್ನಡ, ತೆಲುಗು ಬಿಟ್ಟು ಬೇರೆ ಮಾತು ಬಾರದ ಮುದುಕಿ, ಯಾರು ಏನು ಎಂದು ಹೇಳುವ ಒಂದು ಚೂರು ಕಾಗದವಿಲ್ಲದೆ, ಇಷ್ಟು ದೊಡ್ಡ ಜಾಗದಲ್ಲಿ ಎಲ್ಲಿದ್ದಾರೆ? ಗುಂಪಿನ ಜೊತೆ ರೈಲು ಹತ್ತಿದ್ದರೆ ಸರಿ. ಹತ್ತದೇ ಇದ್ದರೆ? ನಾನು ಆ ಕಡೆ ಹೋಗಿ ವಿಮಾನದ ಬಾಗಿಲು ಮುಚ್ಚಿದರೆ ಮನೆಯಲ್ಲಿ ಯಾವ ಮುಖ ತೋರಿಸಲಿ? ಫೋನಿಗೆ ಸಿಗ್ನಲ್ಲಿಲ್ಲ. ಟವೆಲ್ಲು ಬಿಟ್ಟಿದ್ದಾರೆ ಎಂದರೆ ವಾಪಸು ಬರುತ್ತಾರೆ ಎಂದೇ ಅರ್ಥ, ನಮ್ಮೂರ ಹೆಂಗಸು ಟವೆಲ್ಲು ಸುಮ್ಮನೆ ಬಿಟ್ಟು ಹೋಗುವುದಿಲ್ಲ. ಕುಳಿತೆ. ಕೂರಲಾಗಲಿಲ್ಲ, ಎದ್ದೆ. ನೆಲ ಒರೆಸುತ್ತಿದ್ದ ಹೆಂಗಸಿಗೆ ಹಣೆಯ ಮೇಲೆ ಕುಂಕುಮ ಇಟ್ಟಂತೆ ಸನ್ನೆ ಮಾಡಿ, ಸೀರೆ ಉಟ್ಟಂತೆ ತೋರಿಸಿದೆ. ಆಕೆ ತಲೆಯಾಡಿಸಿ ಅಂಗಡಿಗಳ ಕಡೆ ಕೈ ಮಾಡಿದಳು.

ಅಂಗಡಿಗಳ ಕಡೆ ಎಂದರೆ ರೈಲಿನ ಕಡೆ ಅಲ್ಲ. ಆ ಕಡೆ ಅತ್ತೆಗೆ ಗೊತ್ತಿರುವ ಜಾಗ ಒಂದೇ ಒಂದು. ಅಷ್ಟರಲ್ಲಿ ಅವರೇ ಇಲ್ಲಿಗೆ ವಾಪಸು ಬಂದರೆ ಕೂತಿರಲಿ ಎಂದು ಟವೆಲ್ಲನ್ನು ಹಾಗೆಯೇ ಬಿಟ್ಟು ನಾನು ಸಮುದ್ರ ಮಥನದ ಕಡೆ ಓಡಿದೆ.

ರಾಕ್ಷಸರ ಬದಿಯಲ್ಲಿ ಅತ್ತೆ ಇದ್ದರು. ಪಕ್ಕದಲ್ಲಿ ನಿಲ್ದಾಣದ ಸಮವಸ್ತ್ರದ ಹುಡುಗಿ, ಅವಳ ಕೈಯಲ್ಲಿ ಫೋನು. ಅತ್ತೆ ಆ ಫೋನಿಗೆ ಬಾಯಿ ಹತ್ತಿರ ಇಟ್ಟು ಜೋರಾಗಿ ಮಾತಾಡುತ್ತಿದ್ದರು, ಫೋನು ಅದನ್ನು ಆ ಹುಡುಗಿಯ ಭಾಷೆಗೆ ತಿರುಗಿಸಿ ಹೇಳುತ್ತಿತ್ತು. ನನ್ನ ಹಣೆಯ ಬೊಟ್ಟು, ಏದುಸಿರು ನೋಡಿ ಹುಡುಗಿ ಏನೋ ಹೇಳಿ ಫೋನನ್ನು ನನ್ನ ಮುಂದೆ ಹಿಡಿದಳು. ಅದು ಪಾಠ ಓದುವ ದನಿಯಲ್ಲಿ, ಅಚ್ಚ ಕನ್ನಡದಲ್ಲಿ ಹೇಳಿತು: "ಈ ತಾಯಿಯ ಮಗಳು ಕಳೆದುಹೋಗಿದ್ದಾಳೆ. ಆ ಮಗಳು ನೀವೇನಾ?"

ನಾನು ಹೌದು ಎನ್ನುವ ಮೊದಲೇ ಅತ್ತೆ ನನ್ನ ರಟ್ಟೆ ಹಿಡಿದಿದ್ದರು.

"ಎಲ್ಲಿ ಹೋಗಿದ್ದೀ? ಗೇಟ್ ಬ್ಯಾರೆ ಆಗೈತಿ ಅಂತ ನಿನಗ ಗೊತ್ತಿಲ್ಲ, ಯಾವ ಬಸ್ ಹತ್ತಿ ಯಾವ ದೇಶಕ್ಕ ಹೋಗ್ತೀಯೋ ಏನೋ ಅಂತ ನನ್ ಜೀವ ಹೋಗಿತ್ತು."

ಗುಂಪಿನವರು ಗೇಟು ಬದಲಾಯಿತು, ಬನ್ನಿ ಎಂದು ಕರೆದಿದ್ದರಂತೆ. ಆಕೆಯನ್ನು ಬಿಟ್ಟು ಹೇಗೆ ಬರಲಿ, ನೀವು ನಡೆಯಿರಿ, ನಾನು ಆಕೆಯನ್ನು ಹುಡುಕಿ ತರುತ್ತೇನೆ ಎಂದು ಅತ್ತೆ ಎದ್ದಿದ್ದರಂತೆ. ನಾನು ಬಂದರೆ ನೋಡಿ ಅಲ್ಲೇ ಕೂತಿರಲಿ ಎಂದೇ ಟವೆಲ್ಲು ಬಿಟ್ಟಿದ್ದರಂತೆ. ಅಂತೂ ಕಳೆದುಹೋದವಳು ನಾನು, ಹುಡುಕಲು ಹೊರಟವರು ಅವರು. ನನ್ನ ಕಣ್ಣು ತುಂಬಿತು, ನಿಂತು ಅಳಲು ಹೊತ್ತಿರಲಿಲ್ಲ.

ಹುಡುಗಿಯೇ ನಮ್ಮನ್ನು ಮೆಟ್ಟಿಲಿಳಿಸಿ ರೈಲಿನ ತನಕ ಬಿಟ್ಟಳು. ಡ್ರೈವರಿಲ್ಲದ ರೈಲು, ಹತ್ತಿದ್ದೂ ಇಳಿದದ್ದೂ ನೆನಪಿಲ್ಲ. ನಾವು ಗೇಟು ಮುಟ್ಟಿದಾಗ ಸಾಲಿನ ಕೊನೆಯವರು ಒಳಗೆ ಹೋಗುತ್ತಿದ್ದರು. ಚೀಟಿ ಹರಿದು ಕೊಟ್ಟ ಮೇಲೆ ಅತ್ತೆ ಗಕ್ಕನೆ ನಿಂತು, "ಟವೆಲ್!" ಎಂದರು. ಅವರನ್ನು ಹಿಂದಿನಿಂದ ಮೆಲ್ಲಗೆ ತಳ್ಳಿಕೊಂಡೇ ನಾನು ವಿಮಾನ ಹತ್ತಿಸಿದೆ.

ಊಟದ ಟ್ರೇ ಬಂದಾಗ ಅದರ ಅನ್ನಕ್ಕೆ ಚಟ್ನಿಪುಡಿ ಕಲೆಸಿಕೊಂಡು ಇಬ್ಬರೂ ತಿಂದೆವು. ತಡೆಯಲಾರದೆ ಕೇಳಿಯೇ ಬಿಟ್ಟೆ, ಆ ಹುಡುಗಿಯ ಹತ್ತಿರ ಮಗಳು ಎಂದು ಯಾಕೆ ಹೇಳಿದಿರಿ ಎಂದು. ಅತ್ತೆ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ಸೊಸಿ ಕಳದಾಳ ಅಂದ್ರ ಯಾರ್ ಹುಡುಕ್ತಾರ? ಹೋದ್ರ ಹೋಗ್ಲಿ ಬಿಡು ಅಂತಾರ. ಮಗಳು ಅಂದ್ರ ಓಡ್ಯಾಡ್ತಾರ."

ನನಗೆ ನಗು ತಡೆಯಲಾಗಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಚೂರು ಬೇಜಾರೂ ಆಯಿತು. ಹಾಗಾದರೆ ಕೆಲಸವಾಗಲಿ ಎಂದು ಹೇಳಿದ್ದು. ಅಷ್ಟೇ ತಾನೆ ಎಂದುಕೊಂಡು ಕಣ್ಣು ಮುಚ್ಚಿದೆ.

ಬೆಂಗಳೂರಲ್ಲಿ ಇಳಿದಾಗ ಮಧ್ಯಾಹ್ನ. ಅಲ್ಲಿ ಎಲ್ಲ ಬೋರ್ಡೂ ಕನ್ನಡದಲ್ಲಿ ಓದಲಿಕ್ಕೆ ಸಿಕ್ಕಿದ್ದೇ ಒಂದು ಸುಖ. ಗುಂಪಿನವರಲ್ಲಿ ಹೆಚ್ಚಿನವರು ಬಳ್ಳಾರಿಯ ರೈಲಿಗೆ ಹೋದರು. ನಾವಿಬ್ಬರೂ ಮೆಜೆಸ್ಟಿಕ್ಕಿಗೆ ಬಂದು, ಮಡಕಶಿರ, ಪಾವಗಡದ ಮೇಲೆ ಹೋಗುವ ರಾಯದುರ್ಗದ ಬಸ್ಸು ನೋಡಿದೆವು. ರಿಸರ್ವೇಷನ್ ಇಲ್ಲ, ಒಳಗೆ ನೂಕುನುಗ್ಗಲು. ಅತ್ತೆಯನ್ನು ಹತ್ತಿಸಿ ನಾನು ನೀರು, ಎರಡು ಬನ್ನು ತರಲು ಹೋದೆ.

ವಾಪಸು ಬರುವಾಗ ಕಿಟಕಿಯಲ್ಲಿ ಅತ್ತೆ ಕಂಡರು. ಟವೆಲ್ಲು ಬ್ಯಾಂಕಾಕಿನಲ್ಲಿ ಉಳಿದಿತ್ತಲ್ಲ, ಪಕ್ಕದ ಸೀಟಿನ ಮೇಲೆ ತಮ್ಮ ಸೆರಗನ್ನೇ ಹಾಸಿದ್ದರು. ಚೀಲ ಹಿಡಿದ ಒಬ್ಬ ಗಂಡಸು ಅಲ್ಲಿ ಕೂರಲು ಬಗ್ಗಿದ್ದ.

"ಇಲ್ಲಿ ಮಂದಿ ಅದಾರಪ್ಪ," ಎಂದರು ಅತ್ತೆ. "ನನ್ ಮಗಳು ನೀರು ತರಾಕ ಹೋಗ್ಯಾಳ."

ಆತ ಹಿಂದಕ್ಕೆ ಸರಿದ. ಬಸ್ಸಿನಲ್ಲಿ ಸೀಟು ಉಳಿಸಿಕೊಳ್ಳಲು ಸೊಸೆ ಎಂದಿದ್ದರೂ ಸಾಕಿತ್ತು. ನಾನು ನೀರಿನ ಬಾಟಲಿ ಹಿಡಿದುಕೊಂಡು ಕಿಟಕಿಯ ಕೆಳಗೆ ಅವರಿಗೆ ಕಾಣದ ಹಾಗೆ ಸ್ವಲ್ಪ ಹೊತ್ತು ನಿಂತೆ. ಕಂಡಕ್ಟರು ಸೀಟಿ ಊದಿದ ಮೇಲೆ ಹತ್ತಿದೆ. ಅತ್ತೆ ಸೆರಗು ಎಳೆದುಕೊಂಡು ಜಾಗ ಬಿಟ್ಟರು.

"ಕುಂದ್ರು," ಎಂದರು. "ಮನಿ ಮುಟ್ಟೂತನಕ ಇನ್ನ ಏಳಬ್ಯಾಡ."