ಎಳೆದರೆ ಬಿಚ್ಚಿಕೊಳ್ಳುವ ವೃತ್ತ

ಆ ಟೀಚರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವಳೆಂದುಕೊಳ್ಳುವುದು ಬೇಡ.

ರಾಮನಗರದಲ್ಲಿ ಹನ್ನೊಂದು ವರ್ಷ ರೇಷ್ಮೆ ನೂಲು ಬಿಚ್ಚಿದವಳು ನಾನು. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಬರಿಗೈ ಅದ್ದಿ ಎಳೆ ಹುಡುಕಬೇಕು. ಬೆರಳ ತುದಿ ಸದಾ ಬೆಳ್ಳಗೆ ನೆನೆದು ಸುಕ್ಕುಗಟ್ಟಿರುತ್ತಿತ್ತು. ಅನ್ನ ಕಲಸಿದರೆ ಉರಿ. ಆ ಬೇಸಿನ್ನಿನಿಂದ ಕೈ ಹೊರಗೆ ತೆಗೆಯಬೇಕು ಎನ್ನುವುದೊಂದೇ ನನ್ನ ಆಸೆ. ಅಷ್ಟರಲ್ಲಿ ಚನ್ನಪಟ್ಟಣದ ಗೊಂಬೆ ಮಾಡುವವರೊಬ್ಬರು, ಎಳೆಮಕ್ಕಳ ಮರದ ಗಿಲಕಿಗೆ ಕಟ್ಟಲು ಹತ್ತಿ ದಾರದಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದ ಚೌಕ, ತ್ರಿಕೋನ, ವೃತ್ತ ಬೇಕು, ಕಲಿತು ಪಾಸಾದವರಿಗೆ ಮನೆಗೇ ಕೆಲಸ ಎಂದರು. ಕಲಿಸಲು ಬಂದವಳು ಈ ಟೀಚರು.

ಬಂದ ದಿನವೇ ನಮ್ಮ ಕೈ ನೋಡಿ ಮೂಗು ಮುರಿದಳು. "ಈ ಕೈಯಲ್ಲಿ ಹಿಡಿದ್ರೆ ದಾರ ಕೊಳೆ ಆಗಲ್ವೇನ್ರಮ್ಮಾ?"

ಚೌಕ ಸುಲಭ, ಹೋಗುವಾಗ ಎಷ್ಟು ಕುಣಿಕೆಯೋ ಬರುವಾಗಲೂ ಅಷ್ಟೇ. ತ್ರಿಕೋನಕ್ಕೆ ಸಾಲಿಗೊಂದು ಕಡಿಮೆ ಮಾಡುತ್ತ ಹೋದರಾಯಿತು. ವೃತ್ತ ಮಾತ್ರ ನನ್ನ ಜೀವ ತಿಂದಿತು. ಆರು ಕುಣಿಕೆಯಿಂದ ಶುರುಮಾಡಿ ಸುತ್ತಿಗೆ ಆರಾರು ಹೆಚ್ಚಿಸಬೇಕು. ಹೆಚ್ಚಿಸುತ್ತಲೇ ಇದ್ದೆ. ಆದರೆ ನನ್ನ ಕೈ ದಾರವನ್ನು ಬಿಗಿಯಾಗಿಯೇ ಎಳೆಯುತ್ತಿತ್ತು, ವೃತ್ತ ಮಡಚಿಕೊಂಡು ಬಟ್ಟಲಾಗುತ್ತಿತ್ತು.

"ಇದ್ರಲ್ಲಿ ಸಾಂಬಾರ್ ಬಡಿಸ್ತೀಯಾ?" ಎಂದಳು ಟೀಚರು. ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂತ ಕಬ್ಬಾಳಿನ ಹೆಂಗಸು ಮಾತ್ರ, "ಒಸಿ ಸಡ್ಲ ಬುಡು ಕಣಕ್ಕ, ದಾರ ಎಲ್ಲೂ ಓಡೋಗಕ್ಕಿಲ್ಲ" ಎಂದಳು. ಸಡಿಲ ಬಿಟ್ಟೆ. ವೃತ್ತ ಚಪ್ಪಟೆಯಾಗಿ ಕೂತಿತು.

ಕೊನೆಯ ದಿನ ಪರೀಕ್ಷೆ. ನಡುವೆ ದಾರ ಮುಗಿಯಿತು. ರೇಷ್ಮೆ ಬಿಚ್ಚುವಾಗ ಎಳೆ ಮುಗಿದರೆ ನಾವು ಗಂಟು ಹಾಕುವುದಿಲ್ಲ. ಹೊಸ ಗೂಡಿನ ಎಳೆಯನ್ನು ಓಡುವ ನೂಲಿಗೆ ತಾಗಿಸಿದರೆ ಸಾಕು, ಅದರ ಅಂಟಿಗೆ ಅದೇ ಹಿಡಿದುಕೊಳ್ಳುತ್ತದೆ. ಅದೇ ಅಭ್ಯಾಸದಲ್ಲಿ ಬೆರಳಿಗೆ ಎಂಜಲು ಸವರಿ, ಎರಡು ತುದಿಗಳನ್ನು ಹೊಸೆದು ಮುಂದೆ ಹೆಣೆದುಬಿಟ್ಟೆ. ಹತ್ತಿಗೆ ಎಲ್ಲಿಯ ಅಂಟು! ಟೀಚರಿಗೆ ಅದು ಕಂಡಿತು. ಕರೆದು ಹೇಳಬಹುದಿತ್ತು. ಅವಳು ವೃತ್ತವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ಮಗು ಹೀಗೆ ಎಳೆಯುತ್ತೆ" ಎಂದು ಎಳೆದಳು. ಸುತ್ತು ಸುತ್ತಾಗಿ ಬಿಚ್ಚಿಕೊಂಡ ದಾರ ಅವಳ ಕಾಲ ಬಳಿ ಬಿತ್ತು. ನಾನು ವಾಪಸ್ ಬೇಸಿನ್ನಿಗೆ ಹೋದೆ.

ಒಂದು ವರ್ಷ ಅವಳನ್ನು ಬೈದುಕೊಂಡೇ ಮನೆಯಲ್ಲಿ ಹೆಣೆದೆ. ಮುಂದಿನ ಸಲ ಪಾಸಾದೆ. ಅವಳು ಬೇರೆ ಊರಿಗೆ ಹೋದ ಮೇಲೆ, ಹೊಸಬರ ಕೆಲಸ ಪರೀಕ್ಷಿಸುವ ಮೇಜು ನನ್ನದೇ ಆಯಿತು.

ಹೋದ ತಿಂಗಳು ಮಾಗಡಿ ಕಡೆಯವಳೊಬ್ಬಳು ತನ್ನ ವೃತ್ತ ತಂದುಕೊಟ್ಟಳು. ತಿರುಗಿಸಿ ನೋಡಿದೆ. ದಾರ ಸೇರಿಸಿದ ಕಡೆ ಗಂಟಿಲ್ಲ, ಬರೀ ಹೊಸೆದದ್ದು. ಬೆಳಗಿನಿಂದ ಕೆಟ್ಟ ಕೆಲಸ ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು. ಎತ್ತಿ ಹಿಡಿದು, "ಮಗು ಹಿಂಗೆ ಎಳೀತೈತೆ" ಎಂದು ಎಳೆದೇಬಿಟ್ಟೆ. ಹಿಂದೆ ಯಾರೋ ನಕ್ಕರು. ದಾರ ಆರಿಸಿಕೊಳ್ಳಲು ಅವಳು ಬಗ್ಗಿದಾಗ ಬೆರಳುಗಳು ಕಂಡವು. ಬೆಳ್ಳಗೆ ನೆನೆದು ಸುಕ್ಕಾಗಿದ್ದವು.

"ರೇಷ್ಮೆ ಬಿಚ್ಚೋಕೆ ಹೋಗ್ತಿದ್ದೀಯಾ?" ಎಂದೆ.

"ಹೂಂ. ನೀವು ಬುಟ್ಟ್ ಬಂದ್ರಲ್ಲಾ, ಅದೇ ಬೇಸಿನ್ನು."

"ಕೂತ್ಕೋ, ದಾರ ಜೋಡ್ಸೋದು ತೋರಿಸ್ತೀನಿ" ಎಂದೆ. ಅವಳು ಕೂರಲಿಲ್ಲ. ದಾರವನ್ನು ಉಂಡೆ ಮಾಡಿ ನನ್ನ ಮೇಜಿನ ಮೇಲಿಟ್ಟಳು. ಅಂದು ನಾನು ಆ ಟೀಚರನ್ನು ನೋಡಿದ್ದ ಹಾಗೆಯೇ ನನ್ನನ್ನು ನೋಡಿ, ಮೆಟ್ಟಿಲಿಳಿದು ಹೋದಳು.