ಮರಳುದಿಬ್ಬದ ಈಚೆಗೇ ಉಳಿದ ಆಪಾ

ಪನೀರ್ ಪಲಾವಿಗೆ ಮಟನ್ ಸೌಟು ಅದ್ದಿದವರು ಯಾರು ಅಂತ ಇವತ್ತಿನವರೆಗೂ ಯಾರೂ ಒಪ್ಪಿಕೊಂಡಿಲ್ಲ. ಆಗ ಒಲೆ ಹತ್ತಿರ ಇದ್ದವರು ಐದು ಜನ ಗಂಡಸರು, ಎಲ್ಲರೂ ನನಗಿಂತ ಹೆಚ್ಚು ಓದಿದವರು. ಒಬ್ಬನಾದರೂ "ನಾನೇ" ಅಂದಿದ್ದರೆ ನನ್ನ ಸಿಟ್ಟು ಅವನೊಬ್ಬನ ಮೇಲೆ ಹರಿದು ಅಲ್ಲಿಗೇ ತಣ್ಣಗಾಗುತ್ತಿತ್ತು. ಈಗ ಐದೂ ಜನರ ಮೇಲಿದೆ.

ವಹೀದಾ ನನ್ನ ಅಕ್ಕ. ನಾನು ಆಪಾ ಅನ್ನುತ್ತಿದ್ದೆ. ರಾಣೆಬೆನ್ನೂರಿನಲ್ಲಿ ಅಮ್ಮ ತೀರಿಕೊಂಡಾಗ ಅವಳಿನ್ನೂ ಪರಕಾರ ಹಾಕಿಕೊಳ್ಳುವ ಹುಡುಗಿ. ಅವತ್ತಿನಿಂದ ಒಲೆ ಅವಳದಾಯಿತು. ನಾನು ಏಳನೇ ಕ್ಲಾಸಿಗೆ ಸಾಲೆ ಬಿಟ್ಟಾಗ ಅಪ್ಪ ಬೆಲ್ಟಿನಿಂದ ಹೊಡೆದ. ಅದು ನೆನಪೂ ಇಲ್ಲ. ಆಪಾ ಒಂದು ಇಡೀ ದಿನ ತಾನೂ ಉಣ್ಣದೆ, ನನ್ನ ಜೊತೆ ಮಾತೂ ಆಡದೆ ಕೂತಿದ್ದಳಲ್ಲ, ಅದು ನೆನಪಿದೆ. ಮನೆಯಲ್ಲಿ ನಾವು ಉರ್ದು ಆಡುವವರು. ಆದರೆ ನನ್ನ ಅವಳ ಜಗಳ ಮಾತ್ರ ಕನ್ನಡದಲ್ಲೇ, ಯಾಕೆಂದರೆ ಜಗಳವನ್ನು ಕಲಿತದ್ದು ಓಣಿಯಲ್ಲಿ.

ಮದುವೆಯಾಗಿ ಅಮೆರಿಕಕ್ಕೆ, ಮಿಷಿಗನ್ ರಾಜ್ಯದ ವಿಕ್ಸಮ್‌ಗೆ ಬಂದಳು. ಭಾವ ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದರು. ಅವಳಿಗೆ ಇಲ್ಲಿನ ಪೌರತ್ವ ಸಿಕ್ಕ ಮೇಲೆ ನನಗಾಗಿ ಅಪ್ಲೈ ಮಾಡಿದಳು. ವರ್ಷಗಟ್ಟಲೆ ಕಾದು ನಾನು ಬಂದು ಟೈರ್ ಅಂಗಡಿ ಸೇರಿದೆ. ಅಷ್ಟರಲ್ಲಿ ಅವಳ ಮಗಳು ಜುವೇರಿಯಾ ಮದುವೆಯಾಗಿ ಷಿಕಾಗೋ ಕಡೆ, ಡೆಸ್ ಪ್ಲೇನ್ಸ್‌ನಲ್ಲಿ ಸಂಸಾರ ಹೂಡಿದ್ದಳು.

ಕ್ಯಾಂಪಿಂಗ್ ಶುರುವಾದದ್ದು ಹೀಗೆ. ಮಿಷಿಗನ್ ಸರೋವರದ ದಂಡೆಯಲ್ಲಿ ಒಂದು ಸ್ಟೇಟ್ ಪಾರ್ಕ್ ಇದೆ, ಎರಡೂ ಊರಿನಿಂದ ಹೆಚ್ಚುಕಡಿಮೆ ಮೂರು ಗಂಟೆ ದಾರಿ. ತಾಯಿ ಈ ಕಡೆಯಿಂದ, ಮಗಳು ಆ ಕಡೆಯಿಂದ ಹೊರಟು ಜುಲೈಯಲ್ಲಿ ಅಲ್ಲಿ ಸೇರುತ್ತಿದ್ದರು. ಆಮೇಲೆ ನಮ್ಮ ಹತ್ತಿರದ ಸೌತ್‌ಫೀಲ್ಡ್‌ನಿಂದ ಸತ್ಯ, ಅವನ ಹೆಂಡತಿ ಲೀನಾ ಬಂದರು. ಅವರ ಗೆಳೆಯರು ಬಂದರು. ಎಂಟು ಡೇರೆ, ಮೂವತ್ತು ಬಾಯಿ.

ಅಡುಗೆ ಆಪಾದೇ. ಯಾರೂ ಹೇರಿದ್ದಲ್ಲ. ಅವಳೇ ತಂದ ಮಾಂಸವಾದರೆ ಹಲಾಲ್ ಬಗ್ಗೆ ನಮ್ಮವರು ಕೇಳುತ್ತಿರಲಿಲ್ಲ. ಸಸ್ಯಾಹಾರಿಗಳ ಪಾತ್ರೆ, ಒಲೆ ಬೇರೆ, ಸೌಟಿಗೆ ಹಸಿರು ದಾರ. ಅದಕ್ಕೇ ಅವರೂ ಕೇಳುತ್ತಿರಲಿಲ್ಲ. ಎಲ್ಲರೂ ಅವಳನ್ನು ನಂಬಿದರು, ನಂಬಿ ಎದ್ದು ಹೋದರು.

ಡೇರೆಗಳಿಗೂ ನೀರಿಗೂ ನಡುವೆ ದೊಡ್ಡದೊಂದು ಮರಳುದಿಬ್ಬ. ಮರದ ಮೆಟ್ಟಿಲು ಹತ್ತಿ ಆಚೆ ಇಳಿದರೆ ಸರೋವರ. ಅಲ್ಲಿ ಸೂರ್ಯ ನೀರಿನೊಳಗೇ ಇಳಿಯುತ್ತಾನೆ. ಅದನ್ನು ನೋಡಲು ಸಂಜೆ ಎಲ್ಲರೂ ಕುರ್ಚಿ ಹಿಡಿದು ಹೋಗುವರು. ಆಪಾ ಆ ಹೊತ್ತಿಗೆ ಅಕ್ಕಿ ದಮ್ಮಿಗೆ ಹಾಕಿ, ಡೇರೆಯ ಹಿಂದೆ ಚಾಪೆ ಹಾಸಿ ಮಗ್ರಿಬ್ ನಮಾಜು ಮುಗಿಸಿ, ತಟ್ಟೆ ಜೋಡಿಸುವಳು. ಎಷ್ಟೋ ವರ್ಷ ಹೀಗೇ ನಡೆಯಿತು. ಒಮ್ಮೆ ನಾನು, ಬರೀ ನಾವಿಬ್ಬರೇ ಇನ್ನೊಂದು ದಿನ ಹೋಗಿ ಬರೋಣ, ಡ್ರೈವ್ ಮಾಡುತ್ತೇನೆ ಅಂದೆ. ಅವಳು ಒಪ್ಪಲಿಲ್ಲ.

"ಸೂರ್ಯ ಎಲ್ಲಿ ಓಡಿ ಹೊಕ್ಕಾನೋ? ನನಗ ಎಲ್ಲಾರ ಜೋಡಿ ಕುಂದರಬೇಕಾಗೇತಿ. ಕೈಯಾಗ ಏನೂ ಕೆಲಸ ಇರಬಾರದು. ಅಷ್ಟ."

ಕೊನೆಗೆ ಒಂದು ವರ್ಷ, ಶನಿವಾರ ಬೆಳಗ್ಗೆ ಚಹಾ ಕೊಡುತ್ತ ಅದನ್ನೇ ಎಲ್ಲರ ಮುಂದೆ ಹೇಳಿದಳು. "ಇವತ್ತ ಸಂಜಿ ನಾ ಒಲಿ ಮುಟ್ಟಂಗಿಲ್ಲ. ದಂಡಿಗೆ ಹೋಗಿ ಕುಂದ್ರಾಕಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡಸರೇ ಅಡುಗೆ ಮಾಡುವುದೆಂದು ತೀರ್ಮಾನವಾಯಿತು. ಸತ್ಯ, "ಆಂಟಿ, ಇವತ್ತು ನೀವು ಗೆಸ್ಟು. ಗೆಸ್ಟು ಒಲೆ ಹತ್ರ ಬರೋ ಹಾಗಿಲ್ಲ" ಅಂದ. ಭಾವ ಮೀಸೆ ತಿರುವಿ, ಇಷ್ಟು ವರ್ಷ ತಿಂದವನಿಗೆ ಮಾಡಲು ಬರುವುದಿಲ್ಲವೇ ಅಂದರು.

"ಬಸ್ಸಿನ್ಯಾಗ ಕುಂತವರೆಲ್ಲಾ ಡ್ರೈವರ್ ಆಗಿದ್ರ ಭಾಳ ಛಲೋ ಇತ್ತು ಬಿಡ್ರಿ" ಅಂದಳು ಆಪಾ. ಎಲ್ಲರಿಗಿಂತ ಜೋರಾಗಿ ನಕ್ಕವರು ಭಾವ.

ಆದರೂ ಮಧ್ಯಾಹ್ನವೇ ಈರುಳ್ಳಿ ಹೆಚ್ಚಿಟ್ಟಳು, ಮಸಾಲೆ ಬೆರೆಸಿಟ್ಟಳು, ದಾರದ ಸೌಟು ಯಾವುದಕ್ಕೆ ಅಂತ ಐದೂ ಜನರಿಗೆ ತೋರಿಸಿದಳು. ಸಂಜೆ ಮುಖ ತೊಳೆದು, ಈದ್‌ಗೆ ತೆಗೆದ ದುಪಟ್ಟಾ ಹೊದ್ದು ಹೊರಟಳು. ಲೀನಾ ಮಕ್ಕಳನ್ನು ಕರೆದುಕೊಂಡು ಆಗಲೇ ನೀರಿಗೆ ಹೋಗಿದ್ದಳು. ನಾನು ಎರಡು ಕುರ್ಚಿ ಹೊತ್ತು ಆಪಾಳ ಹಿಂದಿದ್ದೆ. ಅವಳಿಗೆ ಮಂಡಿ ನೋವು. ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಇನ್ನೇನು ಗಾಳಿಯಲ್ಲಿ ನೀರಿನ ವಾಸನೆ ಸಿಕ್ಕಿತು ಅನ್ನುವಾಗ ಫೋನು ಬಂತು. ಕೆಳಗೆ ಡೇರೆ ಹತ್ತಿರದಿಂದ ಜುವೇರಿಯಾ.

ಪನೀರ್ ಪಲಾವಿನ ಪಾತ್ರೆಯಲ್ಲಿ ಮಟನ್ ಸೌಟು ನಿಂತಿತ್ತು. ಅದಕ್ಕೆ ಮಾಂಸದ ಚೂರು ಅಂಟಿತ್ತು. ಲೀನಾಳ ಅತ್ತೆ ಪದ್ಮಮ್ಮ ಮೈಸೂರಿನಿಂದ ಬಂದಿದ್ದರು, ಮೊಟ್ಟೆಯನ್ನೂ ಮುಟ್ಟದವರು. ಅವರಿಗಿನ್ನು ಊಟವಿಲ್ಲ.

ಆಪಾ ಫೋನು ಇಟ್ಟು ಹಿಂದಕ್ಕೆ ತಿರುಗಿದಳು. ನಾನು ಅಡ್ಡ ನಿಂತೆ. ಅವರೇ ಕೆಡಿಸಿದ್ದಾರೆ, ಅವರೇ ನೋಡಿಕೊಳ್ಳಲಿ, ನೀನು ಹತ್ತು ಅಂತ ಕೂಗಾಡಿದೆ.

"ದಸ್ತಗೀರ್, ದಾರಿ ಬಿಡು" ಅಂದಳು. "ನಮ್ಮ ಪಂಕ್ತಿಗೆ ಬಂದ ಹಿರೇಮನಷಿ ಉಪಾಸ ಮಲಗೂದ?"

ಪದ್ಮಮ್ಮ ಒಳ್ಳೆಯವರು. ಎರಡು ಬಾಳೆಹಣ್ಣು ಸಾಕು ಕಣಮ್ಮ, ನೀನು ಹೋಗು, ಅಂತ ಕೈಹಿಡಿದು ಬೇಡಿಕೊಂಡರು. ಆಪಾ ಕೇಳಲಿಲ್ಲ. ಪಾತ್ರೆ ತಿಕ್ಕಿ, ಬೇರೆ ಅಕ್ಕಿ ತೊಳೆದು ಮೊದಲಿನಿಂದ ಶುರು ಮಾಡಿದಳು. ಸೌಟು ಯಾರು ಹಾಕಿದ್ದು ಅಂತ ನಾನು ಕೇಳಿದೆ. ಒಬ್ಬ ಮೊಬೈಲ್ ನೋಡಿದ, ಒಬ್ಬ ಬೆಂಕಿ ಕೆದಕಿದ. ಆಮೇಲೆ, ಆಂಟಿ ಬಂದರಲ್ಲ, ಇನ್ನು ನಮ್ಮದೇನು ಕೆಲಸ ಅಂತ ಒಬ್ಬೊಬ್ಬರೇ ಮೆಟ್ಟಿಲ ಕಡೆ ನಡೆದರು.

ಮೆಟ್ಟಿಲ ಮೇಲೆ ಬಿಟ್ಟು ಬಂದಿದ್ದ ಕುರ್ಚಿ ತರಲೆಂದು ನಾನೂ ದಿಬ್ಬ ಹತ್ತಿದೆ. ಆಪಾಳ ಕುರ್ಚಿ ಆಚೆ ದಂಡೆಗೆ ಹೋಗಿತ್ತು. ಅದರಲ್ಲಿ ಯಾರೋ ಕಾಲು ಚಾಚಿ ಕೂತಿದ್ದರು. ಸೂರ್ಯ ಕೆಂಪಗೆ ಅರ್ಧ ಮುಳುಗಿದ್ದ. ಚೆನ್ನಾಗಿತ್ತೋ ಇಲ್ಲವೋ ಹೇಳಲಾರೆ, ನನಗೆ ಸಿಟ್ಟಿನಿಂದ ಕಣ್ಣು ಕತ್ತಲಿಟ್ಟಿತ್ತು. ಕುರ್ಚಿ ಹಿಡಿದು ಎಳೆದೆ. ಕೂತವನು ಮರಳಿಗೆ ಬಿದ್ದ. ಅದಕ್ಕೂ ಆಪಾಳಿಂದ ಬೈಸಿಕೊಂಡೆ. ಊಟಕ್ಕೆ ಕೂತಾಗ ಎಲ್ಲರೂ, ಮುಂದಿನ ವರ್ಷ ಖಂಡಿತಾ ಆಂಟಿ, ಪ್ರಾಮಿಸ್ ಅಂದರು. ಅವಳು ನಗುತ್ತ ಬಡಿಸಿದಳು.

ಮುಂದಿನ ವರ್ಷಕ್ಕೆ ಅವಳ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಶನಿವಾರವೂ ಅದರಲ್ಲಿ ಒಂದು. ಕ್ಯಾಂಪಿಗೆ ಮಾತ್ರ ಎಲ್ಲರೂ ಹೋದರು, ಮೊದಲೇ ಬುಕ್ ಆಗಿತ್ತಂತೆ. ಅವತ್ತು ನಾನು ಅವಳ ಪಕ್ಕದಲ್ಲಿದ್ದೆ. ಸಂಜೆ ಫೋನಿಗೆ ವಿಡಿಯೋ ಬಂತು: ನೀರು, ಸೂರ್ಯ, ಎಲ್ಲರೂ ಕೈ ಬೀಸಿ ವಿ ಮಿಸ್ ಯೂ ಆಂಟಿ. ಆಪಾ ಕೊನೆಯವರೆಗೆ ನೋಡಿದಳು.

"ಊಟಕ್ಕ ಏನ್ ಮಾಡ್ಯಾರಂತ?" ಅಂದಳು.

ಪೀಟ್ಸಾ ತರಿಸಿದ್ದರಂತೆ. ಊರಿಗೆ ಹತ್ತೇ ಮೈಲಿ, ಡೇರೆಯವರೆಗೂ ತಂದು ಕೊಡುತ್ತಾರಂತೆ. ಅದು ಅಷ್ಟು ಸುಲಭ ಅಂತ ಅಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ನಾನು ಅವಳಿಗೆ ಹೇಳಲಿಲ್ಲ. ಅನ್ನ ಸಾರು ಅಂದೆ.

ಆ ಚಳಿಗಾಲದಲ್ಲೇ ಹೋಗಿಬಿಟ್ಟಳು.

ಜನಾಜಾ ನಮಾಜಿಗೆ ಮುಂಚೆ ಮನೆಯವರೊಬ್ಬರು ಎದ್ದು, ತೀರಿಕೊಂಡವರು ಯಾರಿಗಾದರೂ ಏನಾದರೂ ಕೊಡುವುದಿದ್ದರೆ ಹೇಳಿ, ನಾವು ತೀರಿಸುತ್ತೇವೆ ಅಂತ ಕೇಳುವ ಪದ್ಧತಿ ನಮ್ಮಲ್ಲಿದೆ. ಆಪಾಳ ಮಗ ಒವೈಸ್ ಕೇಳಿದ. ಇಂಗ್ಲಿಷಿನಲ್ಲಿ ಒಮ್ಮೆ, ಆಮೇಲೆ ತಡವರಿಸುತ್ತ ಉರ್ದುವಿನಲ್ಲಿ. ಯಾರೂ ಮುಂದೆ ಬರಲಿಲ್ಲ. ಕ್ಯಾಂಪಿನ ಜನವೆಲ್ಲ ಅಲ್ಲಿದ್ದರು. ಸತ್ಯನೂ ತಲೆಗೆ ಕರವಸ್ತ್ರ ಕಟ್ಟಿಕೊಂಡು ಹಿಂದೆ ನಿಂತು ಅಳುತ್ತಿದ್ದ. ನೀವು ಅವಳಿಗೆ ಕೊಡಬೇಕಾದದ್ದನ್ನು ಯಾರು ಕೇಳಬೇಕು ಅಂತ ನನ್ನ ಬಾಯಿಗೆ ಬಂತು. ಒಂದು ಹೆಜ್ಜೆ ಮುಂದೆಯೂ ಇಟ್ಟೆ. ಭಾವ ನನ್ನ ಮಣಿಕಟ್ಟು ಹಿಡಿದರು.

ಇಮಾಮರು ತಕ್ಬೀರ್ ಹೇಳಿ ನಮಾಜು ಶುರು ಮಾಡಿದರು. ಅವಳಿಗೆ ಬರಬೇಕಾದ ಒಂದು ಸಂಜೆ ಹಾಗೇ ಬಾಕಿ ಉಳಿಯಿತು.