ಹದಿಮೂರನೇ ಸುತ್ತಿನ ಬ್ರೇಕ್

ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮರುವರ್ಷ, ಆನ್‌ಲೈನ್ ಕಾರ್ ರೇಸ್ ಒಂದಕ್ಕೆ ನಾನು ತೀರ್ಪುಗಾರನಾದೆ. ನಡೆಸುತ್ತಿದ್ದುದು ಬೆಳ್ಳಂದೂರಿನ ಒಂದು ಕಂಪನಿ. ಸ್ಪರ್ಧಿಗಳು ಮನೆಯಿಂದಲೇ ಆಡುತ್ತಾರೆ, ನಾನು ಆಫೀಸಿನಲ್ಲಿ ಕುಳಿತು ಪರದೆ ನೋಡಬೇಕು. ಸಂಘಟಕ ಕಾರ್ತಿಕ್ ನನ್ನ ಸಹೋದ್ಯೋಗಿಯ ಅಳಿಯ. “ಗೇಮ್ ಗೊತ್ತಿಲ್ದಿದ್ರೂ ಪರವಾಗಿಲ್ಲ ಸಾರ್, ನೀವು ಯಾರ ಮುಲಾಜಿಗೂ ಬೀಳಲ್ಲ, ಅಷ್ಟು ಸಾಕು” ಅಂದ. ಕಾರ್ಖಾನೆಯಲ್ಲಿ ಬೆನ್ನ ಹಿಂದೆ ನನ್ನನ್ನು ‘ರಿಜೆಕ್ಟ್ ರಾಯರು’ ಎನ್ನುತ್ತಿದ್ದರು. ನಾನೋ ಉಬ್ಬಿಹೋದೆ.

ನಿಯಮಾವಳಿ ಬರೆದವನೂ ನಾನೇ. ಕಾರಿನ ಸ್ಪ್ರಿಂಗ್, ಬ್ರೇಕ್ ಮುಂತಾದವನ್ನು ರೇಸ್‌ಗೆ ಮೊದಲು ತಮಗೆ ಬೇಕಾದಂತೆ ಹೊಂದಿಸಿಕೊಳ್ಳುವುದನ್ನು ಸೆಟಪ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಮೊದಲ ಪೀಸ್ ಪರೀಕ್ಷಿಸಿ ನಾನು ಮೊಹರು ಹಾಕಿದ ಮೇಲೆ ಮೆಷಿನ್ ಸೆಟ್ಟಿಂಗ್ ಯಾರೂ ಮುಟ್ಟುವಂತಿರಲಿಲ್ಲ. ಅದೇ ಗುಂಗಿನಲ್ಲಿ ‘ರೇಸ್ ಶುರುವಾದ ಮೇಲೆ ಸೆಟಪ್ ಬದಲಿಸಿದವರು ಅನರ್ಹರು’ ಎಂದು ಬರೆದೆ.

ಫೈನಲ್ ಇಪ್ಪತ್ತು ಸುತ್ತುಗಳದು. ಗೆದ್ದವರಿಗೆ ಕಂಪನಿಯ ಸಿಮ್ಯುಲೇಟರ್ ವಿಭಾಗದಲ್ಲಿ ಕೆಲಸ. ಗೆದ್ದವಳು ವಿಜಯಪುರದ ಕಡೆಯ ಶಿವಲೀಲಾ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೋಹ ಕತ್ತರಿಸುವ ಸಿಎನ್‌ಸಿ ಮೆಷಿನ್‌ನ ಆಪರೇಟರ್. ಉಳಿದವರೆಲ್ಲ ಸ್ಟೀರಿಂಗ್, ಪೆಡಲ್ ಜೋಡಿಸಿಕೊಂಡಿದ್ದರೆ ಈಕೆ ಬಾಡಿಗೆ ಕೋಣೆಯಲ್ಲಿ ಸಾಧಾರಣ ಗೇಮ್‌ಪ್ಯಾಡ್ ಹಿಡಿದು ಅವರನ್ನು ಹಿಂದೆ ಹಾಕಿದ್ದಳು.

ಆದರೆ ರೇಸಿನಲ್ಲಿ ಯಾರು ಏನು ಮಾಡಿದರೆಂದು ತಾನಾಗಿ ದಾಖಲಾಗುವ ಲಾಗ್‌ನಲ್ಲಿ ಒಂದು ಸಾಲಿತ್ತು. ಹದಿಮೂರನೇ ಸುತ್ತಿನಲ್ಲಿ ಟೈರ್ ಬದಲಿಸಲು ನಿಂತಾಗ ಆಕೆ ಸೆಟಪ್ ಪುಟ ತೆರೆದು, ಬ್ರೇಕ್ ಬಲವನ್ನು ಮುಂದಿನ ಚಕ್ರಗಳ ಕಡೆಗೆ ಕೊಂಚ ಸರಿಸಿದ್ದಳು. ಫೋನ್ ಮಾಡಿದೆ.

“ಹೌದ್ರಿ ಸರ್. ಪೆಟ್ರೋಲ್ ಕಡಿಮಿ ಆಗಿ ಗಾಡಿ ಹಿಂದ ಜಾರಾಕತ್ತಿತ್ರಿ. ಟೂಲ್ ಸವದ್ರ ನಾವು ಆಫ್‌ಸೆಟ್ ಕೊಡಂಗಿಲ್ಲೇನ್ರಿ? ಹಂಗ ಮಾಡೀನಿ.”

ಕತ್ತರಿಸುವ ಟೂಲ್ ಸವೆದಂತೆ ಅಳತೆ ಕೆಡದಿರಲೆಂದು ಆಪರೇಟರ್ ಕೊಡುವ ಕೂದಲೆಳೆಯಷ್ಟು ತಿದ್ದುಪಡಿಯೇ ಆಫ್‌ಸೆಟ್. ಮೊಹರು ಬಿದ್ದ ಮೇಲೂ ಅದಕ್ಕಾಗಿ ನಾನು ಒಬ್ಬರನ್ನೂ ಎಂದೂ ಆಕ್ಷೇಪಿಸಿದವನಲ್ಲ. ಅವಳ ಮಾತು ಅರ್ಥವಾಗಬೇಕಾದವನು ಆ ಆಫೀಸಿನಲ್ಲಿ ನಾನೊಬ್ಬನೇ ಇದ್ದೆ. ಆದರೂ “ನಿಯಮ ನಿಯಮಾನೇ ಕಣಮ್ಮ” ಎಂದು ಫೋನ್ ಇಟ್ಟೆ. ಎರಡನೆಯವನು ವಿಜೇತನಾದ.

ನಾಲ್ಕು ದಿನ ಕಳೆದು ವರದಿ ಬರೆಯಲು ಆ ಹೊಸ ವಿಜೇತನ ವಿಡಿಯೋ ನೋಡುತ್ತಿದ್ದೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಒಂದು ಅಂಕಿ 56 ಇದ್ದದ್ದು 57 ಆಯಿತು, ಮುಂದಿನ ಸುತ್ತಿನಲ್ಲಿ 58. ಏನದು ಎಂದು ಕಾರ್ತಿಕ್‌ನನ್ನು ಕೇಳಿದೆ.

“ಬ್ರೇಕ್ ಸಾರ್, ಮುಂದಿನ ಚಕ್ರಕ್ಕೆ ಎಷ್ಟು ಪರ್ಸೆಂಟ್ ಅಂತ. ಸ್ಟೀರಿಂಗ್‌ನಲ್ಲೇ ಬಟನ್ ಇರುತ್ತಲ್ಲ, ಎಲ್ರೂ ಓಡಿಸ್ತಾನೇ ಅಡ್ಜಸ್ಟ್ ಮಾಡ್ಕೊತಾರೆ. ಅದು ಸೆಟಪ್ ಲೆಕ್ಕಕ್ಕೆ ಬರಲ್ಲ, ಡ್ರೈವಿಂಗು.”

ಇರುವ ಕೆಲವೇ ಬಟನ್‌ಗಳು ಬೇರೆ ಕೆಲಸಗಳಿಗೆ ಹೋಗಿ, ಶಿವಲೀಲಾಳ ಗೇಮ್‌ಪ್ಯಾಡ್‌ನಲ್ಲಿ ಅದಕ್ಕೆ ಬಟನ್ ಉಳಿದಿರಲಿಲ್ಲ. ಅದಕ್ಕೇ ಅವಳು ನಿಂತು, ಸಮಯ ಕಳೆದುಕೊಂಡು, ಅದೇ ಕೆಲಸ ಮಾಡಿದ್ದಳು. ಅವರದ್ದು ಡ್ರೈವಿಂಗ್, ಅವಳದ್ದು ಅಪರಾಧ. ತೀರ್ಪು ತಿದ್ದೋಣ ಎಂದೆ. “ಅವ್ನಿಗೆ ಕೆಲಸದ ಆರ್ಡರ್ ಕೊಟ್ಬಿಟ್ಟಿದೀವಿ ಸಾರ್, ಸೋಮವಾರ ಜಾಯಿನ್ ಆಗ್ತಾನೆ” ಅಂದ.

ಪೀಣ್ಯಕ್ಕೆ ಹೋಗಿ, ಊಟದ ಬಿಡುವಿನಲ್ಲಿ ಅವಳನ್ನು ಹೊರಗೆ ಕರೆಸಿ ತಪ್ಪು ನನ್ನದೆಂದೆ. ಕೈಗೆ ಹತ್ತಿದ, ಮೆಷಿನ್ ತಣಿಸುವ ಕೂಲಂಟ್ ಒರೆಸಿಕೊಳ್ಳುತ್ತ ಹೇಳಿದಳು.

“ನೀವೂ ಮೆಷಿನ್ ಶಾಪಿನವ್ರಂತ ಆವತ್ತs ಗೊತ್ತಿತ್ರಿ, ರೇಸಿನ ಪುಟದಾಗ ನಿಮ್ಮ ಪರಿಚಯ ಓದಿದ್ನಿ. ತಿಳ್ಕೊಂತೀರಂತ ಅದಕ್ಕs ಆಫ್‌ಸೆಟ್ ಮಾತು ಹೇಳಿದ್ನಿ.”

ಆಮೇಲೆ “ಊಟ ಆತೇನ್ರಿ ಸರ್?” ಎಂದು ವಿಚಾರಿಸಿ ಒಳಗೆ ಹೋದಳು.

ನಿಯಮವನ್ನು ತಿದ್ದಿದೆ: ಸ್ಟೀರಿಂಗ್‌ನಿಂದ ಒಬ್ಬರು ಮಾಡಬಹುದಾದದ್ದನ್ನು ಗೇಮ್‌ಪ್ಯಾಡಿನವರು ನಿಂತು ಮಾಡಬಹುದು. ನಿಯಮ ಬರೆಯುವ ಮೊದಲು ಯಾರ ಕೈಯಲ್ಲಿ ಏನಿದೆ ಎಂದು ನೋಡಬೇಕೆಂಬುದನ್ನು ನಿವೃತ್ತಿಯ ನಂತರ ಕಲಿತೆ. ಆಮೇಲೆ ಎರಡು ಸಲ ರೇಸ್ ನಡೆದಿದೆ. ನೋಂದಣಿ ಪಟ್ಟಿ ಬಂದಾಗಲೆಲ್ಲ ಮೊದಲು ಶಿವಲೀಲಾಳ ಹೆಸರು ಹುಡುಕುತ್ತೇನೆ. ಇನ್ನೂ ಬಂದಿಲ್ಲ.